ವಿದ್ಯಾವಂತರ ಮನಸ್ಸಿಗೂ ಆರೈಕೆ ಬೇಕು

ಮಗನು ಸಂಶೋಧಕ, ಸೊಸೆಯು ಪ್ರಾಧ್ಯಾಪಕಿ ಎಂದು ಹೇಳಿಕೊಳ್ಳುವಾಗ ನಮ್ಮ ಮನೆಗಳಲ್ಲಿ ಹೆಮ್ಮೆ ತುಂಬಿ ಬರುವುದು ಸಹಜವೇ. ಆದರೆ ಅದೇ ಮಗನು ತಿಂಗಳುಗಟ್ಟಲೆ ಸರಿಯಾಗಿ ನಿದ್ರಿಸಿಲ್ಲವೆಂಬುದು ಮನೆಯವರಿಗೆ ಎಷ್ಟೋ ವೇಳೆ ತಿಳಿದಿರುವುದಿಲ್ಲ. ಬುದ್ಧಿವಂತರಿಗೆ ಮನಸ್ಸಿನ ಕಾಯಿಲೆ ಬಾರದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆ ನಂಬಿಕೆಯನ್ನು ಪರೀಕ್ಷಿಸಿಕೊಳ್ಳಬೇಕಾದ ಕಾಲ ಬಂದಿದೆ.

2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 26 ದೇಶಗಳ 2,279 ಮಂದಿ ಭಾಗವಹಿಸಿದ್ದರು. ಅವರಲ್ಲಿ ಹೆಚ್ಚಿನವರು ಪಿಎಚ್‌.ಡಿ. ವಿದ್ಯಾರ್ಥಿಗಳು. ಶೇಕಡ 41 ಮಂದಿಯಲ್ಲಿ ಮಧ್ಯಮದಿಂದ ತೀವ್ರ ಪ್ರಮಾಣದ ಆತಂಕವೂ ಶೇಕಡ 39 ಮಂದಿಯಲ್ಲಿ ಅದೇ ಪ್ರಮಾಣದ ಖಿನ್ನತೆಯೂ ಕಂಡುಬಂದಿತು. ತಾವಾಗಿ ಮುಂದೆ ಬಂದವರು ಮಾತ್ರ ಉತ್ತರಿಸಿದ್ದರಿಂದ ಈ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸಲಾಗದು; ಆದರೂ ಕಡೆಗಣಿಸುವಂಥವಲ್ಲ.

ಒತ್ತಡದ ಮೂಲ

ಊರಿನ ಶಾಲೆಯಲ್ಲಿ ಪ್ರಥಮನಾಗಿದ್ದವನು ಉನ್ನತ ಸಂಸ್ಥೆಯನ್ನು ಸೇರಿದಾಗ ಅಲ್ಲಿರುವವರೆಲ್ಲರೂ ಪ್ರಥಮರೇ. ಪರೀಕ್ಷೆಗೆ ಕೊನೆಯುಂಟು, ಸಂಶೋಧನೆಗೆ ಇಲ್ಲ. ವರ್ಷಗಳ ಪ್ರಯೋಗ ವಿಫಲವಾಗಬಹುದು. ಕಳುಹಿಸಿದ ಲೇಖನ ತಿರಸ್ಕೃತವಾಗಬಹುದು. ಭವಿಷ್ಯವೆಲ್ಲವೂ ಒಬ್ಬ ಮಾರ್ಗದರ್ಶಕರ ಅಭಿಪ್ರಾಯವನ್ನು ಅವಲಂಬಿಸಿರಬಹುದು. ಪದವಿ, ಪ್ರಶಸ್ತಿಗಳು ಬಂದ ಮೇಲೂ ‘ನಾನು ಇದಕ್ಕೆ ಅರ್ಹನಲ್ಲ, ಒಂದು ದಿನ ಬಯಲಾಗುತ್ತದೆ’ ಎಂಬ ಅಳುಕು ಕೆಲವರನ್ನು ಬಿಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಸಾಧಕ ಮಹಿಳೆಯರಲ್ಲಿ ಈ ಭಾವವನ್ನು ಗುರುತಿಸಿ 1978ರಲ್ಲಿ ಅದಕ್ಕೊಂದು ಹೆಸರು ಕೊಟ್ಟರು. ಪುರುಷರೂ ಇದಕ್ಕೆ ಹೊರತಲ್ಲ.

ಚಿಕಿತ್ಸೆಯೆಂದರೇನು?

ಮನಶ್ಚಿಕಿತ್ಸೆಯೆಂದರೆ ಬರಿಯ ಸಮಾಧಾನದ ಮಾತಲ್ಲ. 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ ವಿಧಾನದಲ್ಲಿ ರೋಗಿಯು ತನ್ನ ಆಲೋಚನೆಗಳನ್ನೇ ಒರೆಗೆ ಹಚ್ಚಲು ಕಲಿಯುತ್ತಾನೆ. ‘ಲೇಖನ ತಿರಸ್ಕೃತವಾಯಿತು, ಆದ್ದರಿಂದ ನಾನು ಅಯೋಗ್ಯ’ ಎಂಬ ತೀರ್ಮಾನಕ್ಕೆ ಆಧಾರವೇನು, ವಿರುದ್ಧವಾದ ಸಾಕ್ಷ್ಯವೇನು ಎಂದು ಬರೆದು ತೂಗಿ ನೋಡುತ್ತಾನೆ. ಪರಿಪೂರ್ಣವಾಗದ ಕರಡನ್ನೇ ಸಹೋದ್ಯೋಗಿಗೆ ತೋರಿಸಿ, ಭಯಪಟ್ಟದ್ದು ನಿಜವಾಗಿ ಸಂಭವಿಸುವುದೋ ಎಂದು ಪರೀಕ್ಷಿಸುತ್ತಾನೆ. ವಾರಕ್ಕೊಮ್ಮೆ ಸುಮಾರು ಒಂದು ಗಂಟೆಯಂತೆ ಕೆಲವು ತಿಂಗಳು ಇದು ನಡೆಯುವುದು ವಾಡಿಕೆ. ಅಗತ್ಯವಿದ್ದವರಿಗೆ ಮನೋವೈದ್ಯರು ಔಷಧವನ್ನೂ ಕೊಡುತ್ತಾರೆ.

ಸಾಧಕರ ತೊಡಕೇ ಬೇರೆ. ಅವರು ಪುಸ್ತಕಗಳನ್ನೋದಿ ಚಿಕಿತ್ಸಕರೊಡನೆ ವಾದಕ್ಕಿಳಿಯುತ್ತಾರೆ. ಕೆಲಸದ ಗಡುವು ಬಂದೊಡನೆ ಭೇಟಿಯನ್ನು ರದ್ದುಪಡಿಸುತ್ತಾರೆ. ಗುಣಹೊಂದುವುದರಲ್ಲಿಯೂ ಪ್ರಥಮ ಶ್ರೇಣಿ ಬಯಸುತ್ತಾರೆ. ದುಡಿಮೆಯನ್ನು ಬಿಡಿಸುವುದು ಚಿಕಿತ್ಸೆಯ ಗುರಿಯಲ್ಲ. ದುಡಿಮೆಯ ಫಲದಿಂದಲೇ ತನ್ನ ಬೆಲೆ ಕಟ್ಟಿಕೊಳ್ಳುವ ಅಭ್ಯಾಸವನ್ನು ಬಿಡಿಸುವುದು ಗುರಿ.

ನೆರವು ಎಲ್ಲಿದೆ?

1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ ಬೆಂಗಳೂರಿನಲ್ಲಿಯೇ, 1974ರಲ್ಲಿ ಎರಡು ಸಂಸ್ಥೆಗಳ ವಿಲೀನದಿಂದ ರೂಪುಗೊಂಡ ನಿಮ್ಹಾನ್ಸ್ ಇರುವುದು ನಮ್ಮ ನಾಡಿನ ಭಾಗ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಪ್ರಾಣಾಪಾಯದಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ ಚಿಕಿತ್ಸಕರು ವಿಷಯವನ್ನು ಹೊರಗೆಡಹುವಂತಿಲ್ಲ.

ಮನೆಯವರ ಪಾತ್ರ

ಇಷ್ಟಿದ್ದರೂ ‘ನಾಲ್ಕು ಜನರಿಗೆ ತಿಳಿದರೆ ಹೆಣ್ಣು ಕೊಡುವವರಾರು?’ ಎಂಬ ಅಂಜಿಕೆಯಿಂದ ಹಿರಿಯರೇ ಚಿಕಿತ್ಸೆಗೆ ಅಡ್ಡಬರುವುದುಂಟು. ಮದುವೆಯಾದರೆ ಎಲ್ಲವೂ ಸರಿಹೋಗುವುದೆಂದು ನಂಬಿ ಇನ್ನೊಂದು ಜೀವವನ್ನೂ ಸಂಕಟಕ್ಕೆ ಸಿಲುಕಿಸುವುದುಂಟು. ‘ನಿನಗೇನು ಕಡಿಮೆಯಾಗಿದೆ?’ ಎಂದು ಕೇಳುವ ಬದಲು ‘ಏನಾಗುತ್ತಿದೆ, ಹೇಳು’ ಎಂದು ಕೇಳೋಣ. ದೂರವಾಣಿಯಲ್ಲಿ ಪ್ರತಿಸಲವೂ ಪಿಎಚ್‌.ಡಿ. ಯಾವಾಗ ಮುಗಿಯುವುದೆಂಬ ಪ್ರಶ್ನೆಯನ್ನೇ ಮುಂದಿಡದಿರೋಣ. ನಿದ್ರೆ, ಊಟ ಕೆಟ್ಟಿದ್ದರೆ, ಮಾತು ಕಡಿಮೆಯಾಗಿದ್ದರೆ ಜೊತೆಯಲ್ಲಿಯೇ ವೈದ್ಯರಲ್ಲಿಗೆ ಹೋಗೋಣ. ‘ನಾನಿದ್ದೇನು ಪ್ರಯೋಜನ?’ ಎಂಬಂಥ ಮಾತು ಬಂದರಂತೂ ಒಂಟಿಯಾಗಿ ಬಿಡದೆ ಅಂದೇ ನೆರವು ಪಡೆಯೋಣ.

ಮಕ್ಕಳ ಅಂಕಪಟ್ಟಿಗಳನ್ನು ಜೋಪಾನವಾಗಿ ಕಾಪಾಡಿದ ನಾವು ಅವರ ನೆಮ್ಮದಿಯನ್ನೂ ಅಷ್ಟೇ ಜೋಪಾನವಾಗಿ ಕಾಪಾಡಬೇಕಾಗಿದೆ.