ಬರಗಾಲವು ಕಟ್ಟಿಸಿದ ವೀಕ್ಷಣಾಲಯ

ಖಗೋಲ ವೀಕ್ಷಣಾಲಯಗಳು ವಿಜ್ಞಾನಿಗಳ ಜ್ಞಾನದಾಹವೊಂದರಿಂದಲೇ ಹುಟ್ಟುವುವೆಂದು ನಾವು ಭಾವಿಸುವುದುಂಟು. ಆದರೆ ದೂರದರ್ಶಕಕ್ಕೆ ಹಣ ಬೇಕು; ಹಣಕ್ಕೆ ಸರ್ಕಾರದ ಸಮ್ಮತಿ ಬೇಕು; ಆ ಸಮ್ಮತಿ ದೊರೆಯಬೇಕಾದರೆ ಜನರ ಕಷ್ಟಸುಖಗಳೊಡನೆ ಆಕಾಶಕ್ಕೆ ನಂಟು ಕಾಣಬೇಕು. ದಕ್ಷಿಣ ಭಾರತದಲ್ಲಿ ಆ ನಂಟನ್ನು ಒದಗಿಸಿದುದು ಒಂದು ಘೋರ ಕ್ಷಾಮ.

1876ರಿಂದ 1878ರವರೆಗಿನ ಆ ಕ್ಷಾಮವು ಮದರಾಸು ಪ್ರಾಂತವನ್ನೂ ನಮ್ಮ ಮೈಸೂರು ಸಂಸ್ಥಾನವನ್ನೂ ತತ್ತರಗೊಳಿಸಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಏಕೆ ಕೈಕೊಟ್ಟಿತು?

ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಗಳ ಅವಧಿಯಲ್ಲಿ ಹೆಚ್ಚಿ ತಗ್ಗುತ್ತವೆ. ಕಲೆಗಳು ತಗ್ಗಿದಾಗ ಮಳೆಯೂ ತಗ್ಗುವುದೆಂದು ನಾರ್ಮನ್ ಲಾಕಿಯರ್ ಮತ್ತು ಡಬ್ಲ್ಯೂ. ಡಬ್ಲ್ಯೂ. ಹಂಟರ್ 1877ರಲ್ಲಿ ವಾದಿಸಿದರು. ಈ ವಾದ ನಿಜವಾದರೆ ಬರವನ್ನು ಮೊದಲೇ ಅರಿಯಬಹುದು! ಆಳುವವರಿಗೆ ಇದರಲ್ಲಿ ಮತ್ತೊಂದು ಅನುಕೂಲವೂ ಇದ್ದಿತು. ದೋಷವೆಲ್ಲ ಸೂರ್ಯನದೆಂದಾದರೆ, ಜನ ಹಸಿದಿದ್ದಾಗಲೂ ಧಾನ್ಯವನ್ನು ಹೊರದೇಶಕ್ಕೆ ಸಾಗಿಸಿದುದರ ಮತ್ತು ಪರಿಹಾರದ ಕೂಲಿಯನ್ನು ಕಡಿತಗೊಳಿಸಿದುದರ ಪ್ರಶ್ನೆ ಹಿಂದೆ ಸರಿಯುತ್ತದೆ.

ಕ್ಷಾಮ ಆಯೋಗವೂ ಸೂರ್ಯನ ಅಧ್ಯಯನಕ್ಕೆ ಒತ್ತು ಕೊಟ್ಟಿತು. ಮಿಚಿ ಸ್ಮಿತ್ ಸ್ಥಳ ಪರಿಶೀಲಿಸಿದರು. 1899ರಲ್ಲಿ ಸುಮಾರು 2,340 ಮೀಟರ್ ಎತ್ತರದ ಕೊಡೈಕಾನಲ್ ಬೆಟ್ಟದಲ್ಲಿ ಸೌರ ವೀಕ್ಷಣಾಲಯವು ಸ್ಥಾಪನೆಯಾಯಿತು.

ಮಳೆಯ ಭವಿಷ್ಯವೇನೋ ಕಲೆಗಳಿಂದ ದೊರೆಯಲಿಲ್ಲ. ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ ಮುಂಗಾರಿನ ಸುಳಿವನ್ನು ದೂರದ ಸಾಗರಗಳ ವಾಯುಭಾರದ ಏರಿಳಿತದಲ್ಲಿ ಅರಸಿದರು. ಆದರೂ ಶ್ರಮ ವ್ಯರ್ಥವಾಗಲಿಲ್ಲ. 1909ರಲ್ಲಿ ಜಾನ್ ಎವರ್‌ಶೆಡ್, ಕಲೆಗಳ ಅಂಚಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಇಲ್ಲಿಯೇ ಕಂಡುಹಿಡಿದರು. 1904ರಿಂದ ತೆಗೆದ ಸೂರ್ಯನ ಛಾಯಾಚಿತ್ರಗಳು ಇಂದು ಜಗತ್ತಿಗೇ ಅಮೂಲ್ಯವಾದ ದಾಖಲೆ.

ಈ ಪರಂಪರೆಯೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ರೂಪುಗೊಂಡು, ಮುಂದೆ ಬೆಂಗಳೂರನ್ನು ತನ್ನ ಕೇಂದ್ರವಾಗಿಸಿಕೊಂಡಿತು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಇದೇ ಸಂಸ್ಥೆ ಹೊಸಕೋಟೆಯಲ್ಲಿ ಸಿದ್ಧಗೊಳಿಸಿತು. ಸುಮಾರು 15 ಲಕ್ಷ ಕಿಲೋಮೀಟರ್ ದೂರದಿಂದ ಬರುವ ಅದರ ಸಂಕೇತಗಳನ್ನು ಪಡೆಯಲು, ಕೆಂಗೇರಿಯಿಂದಾಚೆ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ನಿಂತಿದೆ.

ಉಡ್ಡಯನದ ದಿನ ಜನರ ಉತ್ಸಾಹ ಉಕ್ಕುವುದು ಸಹಜ. ಅದಿಲ್ಲದೆ ಹಣವೂ ಇಲ್ಲ. ಆದರೆ ವಿಜ್ಞಾನಕ್ಕೆ ಬೇಕಾದುದು, ಬಯಸಿದ ಫಲ ದೊರೆಯದಾಗಲೂ ಬಿಡದೆ ನೋಡುತ್ತಿರುವ ತಾಳ್ಮೆ. ಆ ತಾಳ್ಮೆಯನ್ನು ಸರ್ಕಾರದಿಂದಲೂ ನಮ್ಮಿಂದಲೂ ನಿರೀಕ್ಷಿಸುವುದು ನ್ಯಾಯವೇ ಸರಿ.