ಹಿಮ್ಮಡಿಯಿಂದ ಹೊರಡುವ ಕವಣೆಕಲ್ಲು

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯಲ್ಲಿ ಕೆಂಪು ಕಲ್ಲಿನ ಗುಡ್ಡಗಳು ಹಿಂದೆ ಸರಿದು, ಮಲಪ್ರಭೆಯ ಮಗ್ಗುಲಿನ ಎರೆಹೊಲಗಳು ಕಣ್ಣಿಗೆ ಬೀಳುವಲ್ಲಿ ಗಾಡಿ ನಿಲ್ಲಿಸಿ ಇಳಿಯೋಣ. ಜನವರಿಯ ಬೆಳಗು. ಆಳೆತ್ತರದ ಬಿಳಿಜೋಳ ಹಾಲುಗಾಳು ತುಂಬಿಕೊಂಡು ತೂಗುತ್ತಿದೆ. ಇಬ್ಬನಿಗೆ ತೊಯ್ದ ಎಲೆಗಳ ಹಸಿ ವಾಸನೆಗೆ ಆಚೆ ಹೊಲದಲ್ಲಿ ಸೀತನಿ ಸುಡುವ ಹೊಗೆ ಬೆರೆತಿದೆ. ಅಷ್ಟರಲ್ಲಿ ಗುಬ್ಬಿಗಳ ಹಿಂಡೊಂದು ತೆನೆಗಳ ಮೇಲೆ ಇಳಿಯುತ್ತದೆ, ಬೆನ್ನಿಗೇ ನಾಲ್ಕೈದು ಗಿಳಿ. "ಹೋ... ಹೊಹ್ಹೋ..." ಎಂಬ ಕೂಗು, ಕೂಗಿನ ಹಿಂದೆಯೇ ಗಾಳಿ ಸೀಳುವ 'ಚಟ್' ಸದ್ದು. ಇಡೀ ಹಿಂಡು ಭರ್ರನೆ ಎದ್ದು ಬದುವಿನ ಬೇವಿನ ಮರ ಸೇರುತ್ತದೆ.

ಸದ್ದು ಬಂದದ್ದು ಅಟ್ಟದ ಕೆಳಗೆ ನಿಂತಿರುವ ಅಜ್ಜನ ಕವಣೆಯಿಂದ. ಧೋತರ ಎತ್ತಿ ಕಟ್ಟಿದ್ದಾರೆ, ತಲೆಗೆ ಟವೆಲ್ ಸುತ್ತಿದ್ದಾರೆ. ಕವಣೆ ಎಂದರೆ ಪುಂಡಿ ನಾರಿನ ಹುರಿ, ಅಷ್ಟೇ. ನಡುವೆ ಅಂಗೈಯಗಲದ ಹೆಣಿಗೆ, ಒಂದು ತುದಿಗೆ ಬೆರಳು ತೂರಿಸುವ ಕುಣಿಕೆ, ಇನ್ನೊಂದು ತುದಿಗೆ ಬಿಚ್ಚಿಬಿಟ್ಟ ನಾರಿನ ಕುಚ್ಚು. ಚಟ್ ಎನ್ನುವುದು ಆ ಕುಚ್ಚೇ. ಅಜ್ಜ ಹೆಣಿಗೆಯಲ್ಲಿ ಕಲ್ಲಿಡುವುದಿಲ್ಲ, ಒಣಗಿದ ಎರೆಮಣ್ಣಿನ ಹೆಂಟೆ ಇಡುತ್ತಾರೆ. ಬಿದ್ದಲ್ಲಿ ಪುಡಿಯಾಗುತ್ತದೆ, ಕುಡಗೋಲಿಗೂ ಕುಂಟೆಗೂ ತೊಡರುವುದಿಲ್ಲ. ರೆಟ್ಟೆಯಲ್ಲಿ ಇನ್ನೂ ಇಷ್ಟು ಬಲವಿದೆಯಲ್ಲ ಎಂದರೆ ನಗುತ್ತಾರೆ: "ರೆಟ್ಟ್ಯಾಗ ಏನೈತ್ರೀ? ಎಲ್ಲಾ ಹಿಮ್ಮಡದಾಗ ಐತಿ. ಕೈ ಬರೇ ಬಿಡೂದಕ್ಕ."

ಈಗ ಮತ್ತೊಮ್ಮೆ ನೋಡಿ, ಈ ಸಲ ಕೈ ಬಿಟ್ಟು ಕಾಲು ನೋಡಿ. ಕವಣೆ ತಲೆಯ ಮೇಲೆ ಸುತ್ತು ಹಾಕುವಾಗ ಮೈಭಾರವೆಲ್ಲ ಹಿಂದಿನ ಬಲಗಾಲಿನ ಮೇಲಿದೆ. ಹಿಮ್ಮಡಿ ನೆಲವನ್ನು ಒತ್ತುತ್ತದೆ, ಮೀನಖಂಡ ಬಿಗಿಯುತ್ತದೆ, ತೊಡೆ ಮೊಣಕಾಲನ್ನು ನೆಟ್ಟಗೆ ಮಾಡುತ್ತದೆ. ಎಡಗಾಲು ಒಂದು ಹೆಜ್ಜೆ ಮುಂದೆ ಬಂದು ಗೂಟದ ಹಾಗೆ ನೆಟ್ಟುಕೊಳ್ಳುತ್ತದೆ. ಸೊಂಟ ಗುಬ್ಬಿಗಳ ಕಡೆ ಹೊರಳಿದರೂ ಎದೆ, ಭುಜ ಇನ್ನೂ ಹಿಂದೆಯೇ ಉಳಿದಿವೆ. ಪಕ್ಕೆಯ ಓರೆ ಸ್ನಾಯುಗಳು ಜಗ್ಗುತ್ತವೆ, ಎದೆಯ ಸ್ನಾಯು ಹಿಗ್ಗುತ್ತದೆ, ತೋಳು ಭುಜದಲ್ಲಿ ಹಿಂದಕ್ಕೆ ತಿರುವಿಕೊಳ್ಳುತ್ತದೆ. ಮರುಕ್ಷಣವೇ ಎಲ್ಲವೂ ಬಿಚ್ಚಿಕೊಂಡು ಕೈ ಮುಂದೆ ಹಾರುತ್ತದೆ.

ಟೆನಿಸ್ ಆಟಗಾರ ಸರ್ವ್ ಮಾಡುವಾಗ ಮೈಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಅಲ್ಲಿ ಹುರಿಯ ಬದಲು ಸುಮಾರು 68.5 ಸೆಂಟಿಮೀಟರ್ ಉದ್ದದ ರಾಕೆಟ್. ಎರಡರ ಕೆಲಸವೂ ತೋಳನ್ನು ಉದ್ದ ಮಾಡುವುದು. ಉದ್ದವಾದಷ್ಟೂ ತುದಿಯ ವೇಗ ಹೆಚ್ಚು. ಕೆರೆಯ ಹೂಳೆತ್ತುವಾಗ ಸಾಲಾಗಿ ನಿಂತವರು ಬುಟ್ಟಿ ದಾಟಿಸುವಂತೆ ಕಾಲು ಸೊಂಟಕ್ಕೆ, ಸೊಂಟ ಬೆನ್ನಿಗೆ, ಬೆನ್ನು ಭುಜಕ್ಕೆ, ಭುಜ ಮೊಣಕೈ ಮಣಿಕಟ್ಟುಗಳಿಗೆ ಬಲವನ್ನು ದಾಟಿಸುತ್ತವೆ. ಸರ್ವ್‌ನ ಚಲನಶಕ್ತಿಯಲ್ಲಿ ಸರಿಸುಮಾರು ಅರ್ಧ ಪಾಲು ಕಾಲು, ಸೊಂಟ ಮತ್ತು ಮುಂಡದ್ದೇ ಎಂದು ಕ್ರೀಡಾವೈದ್ಯರು ಲೆಕ್ಕ ಹಾಕಿದ್ದಾರೆ. ಅಲ್ಲಿ ಕೊಟ್ಟದ್ದು ಕಡಿಮೆಯಾದರೆ ಆ ಸಾಲವನ್ನು ಭುಜ ತೀರಿಸಬೇಕು.

ಸ್ನಾಯುವಿಗೆ ಎಳೆಯುವುದಷ್ಟೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಆದರೆ ಮೊದಲು ಹಿಗ್ಗಿ ಕೂಡಲೇ ಕುಗ್ಗಿದರೆ ಅದರ ಬಲ ಹೆಚ್ಚುತ್ತದೆ. ತೋಳು ಹಿಂದಕ್ಕೆ ತಿರುವಿದ ಆ ಗಳಿಗೆಯಲ್ಲಿ ಸ್ನಾಯು, ಸ್ನಾಯುರಜ್ಜುಗಳಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ನುರಿತ ಪುರುಷ ಆಟಗಾರರ ತೋಳು ಆಗ ಭುಜದ ಕೀಲಿನಲ್ಲಿ ಸೆಕೆಂಡಿಗೆ 2,000 ಡಿಗ್ರಿಗೂ ಮೀರಿದ ವೇಗದಲ್ಲಿ ಒಳಮುಖವಾಗಿ ತಿರುಗುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಹೋದರೆ ಸೆಕೆಂಡಿಗೆ ಐದು ಸುತ್ತು ದಾಟೀತು! ಈ ಎಸೆಯುವ ಭುಜ ಮನುಷ್ಯನಿಗೆ ಸುಮಾರು 20 ಲಕ್ಷ ವರ್ಷಗಳ ಹಿಂದೆ, ಬೇಟೆಯ ಕಾಲದಲ್ಲಿ ಕೈಗೂಡಿತು ಎಂದು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ನೀಲ್ ರೋಚ್ ಮತ್ತು ಸಂಗಡಿಗರು ವಾದಿಸಿದರು. ಗುಬ್ಬಿ ಓಡಿಸುವುದೂ ರಾಕೆಟ್ ಬೀಸುವುದೂ ಅದರ ಮುಂದೆ ನಿನ್ನೆ ಮೊನ್ನೆಯ ಕೆಲಸ.

ನಮ್ಮವರೇ ಆದ ಕೊಡಗಿನ ರೋಹನ್ ಬೋಪಣ್ಣ ಅವರ ಬಿರುಸಿನ ಸರ್ವ್ ನೋಡಿದವರು ಅವರ ತೋಳನ್ನು ಹೊಗಳುತ್ತಾರೆ. ಬೋಪಣ್ಣ ಅವರ ಚಿಂತೆ ಮಾತ್ರ ಮೊಣಕಾಲಿನದಾಗಿತ್ತು. ಅಲ್ಲಿನ ಮೃದ್ವಸ್ಥಿ ಸವೆದುಹೋಗಿದ್ದಾಗ ಅಯ್ಯಂಗಾರ್ ಯೋಗ ತಮ್ಮನ್ನು ಆಟದಲ್ಲಿ ಉಳಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಅಜ್ಜನ ಹಿಮ್ಮಡಿಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಹೆಂಟೆ ಹಾರಿತು. ನಾವೆಲ್ಲ ಅದು ಬೀಳುವ ಕಡೆ ನೋಡುತ್ತೇವೆ. ನಿಜವಾದ ದುಡಿಮೆ ಇತ್ತ ಅಜ್ಜನ ಭುಜದ ಹಿಂದೆ ಶುರುವಾಗಿದೆ. ಭುಜದ ಗುಳಿ ಆಳವಿಲ್ಲದ್ದು, ಅದಕ್ಕೇ ಕೈ ಎಲ್ಲ ಕಡೆ ಆಡುತ್ತದೆ. ತೋಳಿನ ಮೂಳೆಯ ಗುಂಡನ್ನು ಆ ಗುಳಿಯಲ್ಲಿ ಹಿಡಿದಿಡಲು ಸುತ್ತ ನಾಲ್ಕು ಸಣ್ಣ ಸ್ನಾಯುಗಳಿವೆ. ಹಾರಿ ಹೋಗಲು ಹವಣಿಸುವ ತೋಳನ್ನು ಅವುಗಳಲ್ಲಿ ಹಿಂಬದಿಯವು, ಬೆನ್ನಿನ ಸ್ನಾಯುಗಳ ಜೊತೆಗೂಡಿ, ತಾವು ಹಿಗ್ಗುತ್ತಲೇ ತಡೆದು ನಿಲ್ಲಿಸುತ್ತವೆ. ಹೀಗೆ ಹಿಗ್ಗುತ್ತ ದುಡಿದ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. ರೂಢಿಯಿಲ್ಲದವರಿಗೆ ನೋವು ಅಂದೇ ಅಲ್ಲ, ಮರುದಿನ, ಮೂರನೇ ದಿನ ಜೋರಾಗುತ್ತದೆ. ಅಜ್ಜನನ್ನು ನೋಡಿ, ಬೀಸಿದ ಕೈಯನ್ನು ತಟ್ಟನೆ ತಡೆಯುವುದಿಲ್ಲ. ಎಡತೊಡೆಯವರೆಗೆ ಹೋಗಗೊಡುತ್ತಾರೆ, ಬೆನ್ನು ತುಸು ಬಾಗುತ್ತದೆ. ಟೆನಿಸ್ ಕಲಿಸುವವರು ಹುಡುಗರಿಗೆ ದಿನವೂ ಹೇಳಿಕೊಡುವ ಪಾಠ ಇದು.

ಈಚೆಗೆ ಕೆಲವು ಹೊಲಗಳಲ್ಲಿ ಮಿರಿಮಿರಿ ಮಿಂಚುವ ರಿಬ್ಬನ್ ಕಟ್ಟುತ್ತಾರೆ. ಕವಣೆ ಹೆಣೆಯಬಲ್ಲವರು ಕಡಿಮೆ. ನೋಡಬೇಕೆಂದಿದ್ದರೆ ಜೋಳ ಹಾಲುಗಾಳಾಗಿರುವಾಗ, ಬೆಳಿಗ್ಗೆ ಬೇಗ ಬನ್ನಿ. ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರುತ್ತವೆ, ಕವಣೆ ಗೂಟ ಸೇರುತ್ತದೆ. ಕೇಳಿದರೆ ನಿಮ್ಮ ಕೈಗೂ ಕೊಡುತ್ತಾರೆ. ಮೊದಲು ಹೆಂಟೆಯಿಲ್ಲದೆ ಬರೀ ಕವಣೆ ಬೀಸಿ ಭುಜ ಬೆಚ್ಚಗಾಗಲಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಳ್ಳಿ.