ವಾದ ಸಡಿಲವಾದರೆ ತೀರ್ಮಾನ ಸುಳ್ಳಾಗುತ್ತದೆಯೇ?

ಕ್ಲಾಟ್, ಜಿಮ್ಯಾಟ್, ಎಲ್‌ಸ್ಯಾಟ್ ಪರೀಕ್ಷೆಗಳ ತಾರ್ಕಿಕ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ: ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಮೇಲಿನ ವಾದ ಹೆಚ್ಚು ದುರ್ಬಲವಾಗುತ್ತದೆ? ತೀರ್ಮಾನವನ್ನು ಪೂರ್ತಿ ಸುಳ್ಳು ಮಾಡುವ ಆಯ್ಕೆಯೇ ಉತ್ತರ ಎಂದು ನಂಬಿದ ವಿದ್ಯಾರ್ಥಿ ಅಂಥದ್ದು ಸಿಗದೆ ಸಮಯ ಕಳೆಯುತ್ತಾನೆ. ಪ್ರಶ್ನೆ ಅಷ್ಟನ್ನು ಕೇಳಿರುವುದೇ ಇಲ್ಲ. ಆಧಾರಕ್ಕೂ ತೀರ್ಮಾನಕ್ಕೂ ನಡುವೆ ಬಾಯಿಬಿಟ್ಟು ಹೇಳದ ಒಂದು ಊಹೆ ಇರುತ್ತದೆ. ಅದು ಅಲುಗಾಡಿದರೆ ಸಾಕು.

ಆಧಾರವನ್ನೇ ಅಲ್ಲಗಳೆಯಬೇಕು ಎಂಬುದು ಇನ್ನೊಂದು ತಪ್ಪು ಕಲ್ಪನೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಹತ್ತೇ ದಿನಗಳಲ್ಲಿ 500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿನ ಗಾಳಿ ಕೊಳಕು, ಆದ್ದರಿಂದ ರೋಗಕ್ಕೆ ಗಾಳಿಯೇ ಕಾರಣ ಎಂಬುದು ಅಂದಿನ ವಾದ. ರೋಗ ಹರಡುತ್ತಿರುವುದು ಅಲ್ಲಿನ ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ನೀರಿನಿಂದ ಎಂದ ವೈದ್ಯ ಜಾನ್ ಸ್ನೋ, ಗಾಳಿ ಶುದ್ಧವಾಗಿದೆ ಎಂದು ಸಾಧಿಸಬೇಕಾಗಿರಲಿಲ್ಲ. ಆ ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ 70ಕ್ಕೂ ಹೆಚ್ಚು ಕೆಲಸಗಾರರು ಅದೇ ಗಾಳಿ ಉಸಿರಾಡುತ್ತಿದ್ದರು. ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಕುಡಿಯುತ್ತಿದ್ದುದು ಬಿಯರ್. ಅತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ, ಬ್ರಾಡ್ ಸ್ಟ್ರೀಟ್ ನೀರಿನ ರುಚಿ ಹಿಡಿಸಿ ಅದನ್ನೇ ತರಿಸಿಕೊಂಡು ಕುಡಿಯುತ್ತಿದ್ದ ವಿಧವೆಯೊಬ್ಬರು ಕಾಲರಾಕ್ಕೆ ಬಲಿಯಾದರು. ಕೊಳಕು ಗಾಳಿ ಇದ್ದಲ್ಲಿ ಸಾವಿಲ್ಲ, ಇಲ್ಲದಲ್ಲಿ ಸಾವು! ವಾದವನ್ನು ದುರ್ಬಲಗೊಳಿಸುವ ಪರಿ ಇದಕ್ಕಿಂತ ಸೊಗಸಾಗಿ ಸಿಗುವುದು ಅಪರೂಪ.

ಅದೇ ಘಟನೆ ಸ್ನೋ ಪರವಾದ ಒಂದು ಜನಪ್ರಿಯ ವಾದವನ್ನೂ ಸಡಿಲಿಸುತ್ತದೆ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಳಚಿದರು, ಅದರಿಂದಲೇ ಕಾಲರಾ ನಿಂತಿತು ಎಂದು ಇಂದಿಗೂ ಹೇಳುತ್ತಾರೆ. ಆದರೆ ಅಷ್ಟರಲ್ಲೇ ಸಾವುಗಳು ಇಳಿಮುಖವಾಗಿದ್ದವು, ಬಹಳಷ್ಟು ಜನ ಬಡಾವಣೆ ಬಿಟ್ಟು ಹೋಗಿದ್ದರು. ಇದನ್ನು ದಾಖಲಿಸಿದವರು ಸ್ವತಃ ಸ್ನೋ. ಇಷ್ಟರಿಂದ ಹಿಡಿಕೆಯ ವಾದ ಬಲ ಕಳೆದುಕೊಂಡಿತು. ಕಾಲರಾ ನೀರಿನಿಂದ ಹರಡುತ್ತದೆ ಎಂಬ ಸತ್ಯಕ್ಕೆ ಧಕ್ಕೆಯಾಗಲಿಲ್ಲ.

ಆಯ್ಕೆಯಲ್ಲಿರುವ ಸಂಗತಿ ನಿಜವೋ ಅಲ್ಲವೋ ಎಂದು ತಲೆಕೆಡಿಸಿಕೊಳ್ಳುವವರೂ ಇದ್ದಾರೆ. ಅದು ನಿಜವೆಂದೇ ಒಪ್ಪಿಕೊಂಡು ಮುಂದೆ ಸಾಗಬೇಕು.

‘ಕೆಲವರು’ ಎಂದಿರುವ ಆಯ್ಕೆಯನ್ನು ಕಂಡಕೂಡಲೇ ಬಿಟ್ಟುಬಿಡುವುದೂ ಸರಿಯಲ್ಲ. ಪಂಪಿನ ನೀರು ಕುಡಿದ ಕೆಲವರು ಆರೋಗ್ಯವಾಗಿಯೇ ಇದ್ದರು ಎನ್ನಿ. ಕುಡಿದವರಿಗೆಲ್ಲ ರೋಗ ತಗಲುತ್ತದೆ ಎಂಬ ವಾದ ಅಷ್ಟಕ್ಕೇ ಬಿದ್ದುಹೋಗುತ್ತದೆ. ಕುಡಿದವರಿಗೆ ಅಪಾಯ ಹೆಚ್ಚು ಎಂಬ ವಾದಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.